ಕಾರಣ ಮುಗಿದ ದಿನ

ಮತ್ತೆ ಮತ್ತೆ ಕಾರ್ಡ್ ತೋರಿಸಿದರೂ ಪ್ರಯೋಗಾಲಯದ ಬಾಗಿಲಿನ ಪುಟ್ಟ ದೀಪ ಕೆಂಪಾಗಿಯೇ ಉಳಿಯಿತು. ಅವಳು ಕಾರ್ಡನ್ನು ಸ್ವೆಟರಿನ ತೋಳಿಗೆ ಒರೆಸಿ ಇನ್ನೊಮ್ಮೆ ಹಿಡಿದಳು. ಗಾಜಿನಾಚೆ ಅವಳ ಮೇಜು ಕಾಣುತ್ತಿತ್ತು. ಮೇಜಿನ ಮೇಲೆ ಮುಚ್ಚಳ ಹಾಕಿದ ಗಾಜಿನ ತಟ್ಟೆಗಳು, ಅವುಗಳಲ್ಲಿ ಅವಳೇ ಬೆಳೆಸಿದ ಹಸಿರು ಬೂಷ್ಟು. ದಾಸ್ತಾನು ಮಾಡಿದ ಕಡಲೆಕಾಯಿಯಲ್ಲಿ ಆ ಬೂಷ್ಟು ವಿಷವಾಗದಂತೆ ತಡೆಯುವುದು ಹೇಗೆ ಎಂಬುದು ಅವಳ ಸಂಶೋಧನೆ. ಅವಳು ವಿದೇಶಕ್ಕೆ ಹೊರಟಾಗ ಸೋದರಮಾವ, "ಬೂಷ್ಟು ನೋಡೋಕೆ ಸಮುದ್ರ ದಾಟ್ಬೇಕಾ? ನಮ್ಮನೆ ಅಟ್ಟ ಹತ್ತಿದ್ರೆ ಸಾಕಿತ್ತಲ್ಲ" ಎಂದು ಎಲ್ಲರನ್ನೂ ನಗಿಸಿದ್ದ.

ಕಾರ್ಡ್ ಕೆಟ್ಟಿರಬೇಕು ಅಂದುಕೊಂಡು ಅವಳು ವಿದ್ಯಾರ್ಥಿಗಳ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತೆ ಕಂಪ್ಯೂಟರ್ ನೋಡಿ, ಕಾರ್ಡಿಗೇನೂ ಆಗಿಲ್ಲ ಎಂದಳು. ಓದಿನ ಹೊಸ ಅವಧಿ ಶುರುವಾಗುವಾಗ ಎಲ್ಲರ ದಾಖಲೆಯನ್ನೂ ತಾಳೆ ನೋಡುತ್ತಾರಂತೆ. ವಿದ್ಯಾರ್ಥಿಯಾಗಿ ಈ ದೇಶದಲ್ಲಿರಲು ಅವಳಿಗೆ ಕೊಟ್ಟ ಪರವಾನಗಿ ವಸಂತದಲ್ಲೇ ಮುಗಿದಿತ್ತು. ನವೀಕರಣಕ್ಕೆ ಅರ್ಜಿಯೇ ಬಂದಿರಲಿಲ್ಲ. ನೆನಪಿಸಿ ಮನೆಗೆ ಕಾಗದ ಕಳಿಸಿದ್ದೆವಲ್ಲ ಎಂದು ಗುಮಾಸ್ತೆ ಕೇಳಿದಾಗ, ಬಾಗಿಲ ಹಿಂದಿನ ಚೀಲದಲ್ಲಿ ಒಡೆಯದೆ ಬಿದ್ದಿರುವ ಲಕೋಟೆಗಳು ಅವಳ ಕಣ್ಣ ಮುಂದೆ ಬಂದವು. ಆ ವಸಂತದಲ್ಲಿ ಗಂಡ ಹೆಂಡತಿ ಮನೆಗೆ ಬರುತ್ತಿದ್ದುದು ಸ್ನಾನ ಮಾಡಿ ಬಟ್ಟೆ ಬದಲಿಸುವುದಕ್ಕೆ ಮಾತ್ರ.

ಮಗಳು ದಿನ ತುಂಬುವ ಎಷ್ಟೋ ಮೊದಲೇ ಹುಟ್ಟಿದ್ದಳು. ಅಂಗೈಯಗಲದ ಬೆನ್ನು, ಬೆಂಕಿಕಡ್ಡಿಯಂಥ ಬೆರಳು. ಗಂಡ ಮೊದಲ ದಿನವೇ ಅವಳನ್ನು ಗುಬ್ಬಿ ಎಂದು ಕರೆದ. ಸರಿಯಾದ ಹೆಸರನ್ನು ಮನೆಗೆ ಕರೆದುಕೊಂಡು ಹೋದ ಮೇಲೆ ಇಟ್ಟರಾಯಿತು ಎಂದು ಮಾತಾಡಿಕೊಂಡಿದ್ದರು. ಅವಳು ಎದೆಹಾಲು ಹಿಂಡಿ ಕೊಟ್ಟರೆ ನರ್ಸ್ ಅದನ್ನು ನಳಿಕೆಯಲ್ಲಿ ಹನಿಹನಿಯಾಗಿ ಇಳಿಸುತ್ತಿದ್ದಳು. ಗಾಜಿನ ಪೆಟ್ಟಿಗೆಯೊಳಗೆ ಗುಬ್ಬಿಯ ತೂಕ ಏರಿತು, ಇಳಿಯಿತು, ಮತ್ತೆ ಏರಿತು. ಇನ್ನೇನು ಗೆದ್ದೆವು ಅನ್ನುವಷ್ಟರಲ್ಲಿ ಕರುಳಿಗೆ ಸೋಂಕು ತಗಲಿ, ಬೆಳಗ್ಗೆ ಕಾಲು ಆಡಿಸುತ್ತಿದ್ದ ಕೂಸು ಸಂಜೆಯ ಹೊತ್ತಿಗೆ ಇರಲಿಲ್ಲ. ಊರಾಚೆಯ ಸ್ಮಶಾನದಲ್ಲಿ ಮಕ್ಕಳಿಗೆಂದೇ ಬಿಟ್ಟ ಮೂಲೆಯಲ್ಲಿ ಮಣ್ಣು ಮಾಡಿ ಬಂದರು. ಅವಳು ಕೆಲವು ವಾರ ಗೋಡೆ ನೋಡುತ್ತ ಕೂತಿದ್ದು, ಒಂದು ಬೆಳಗ್ಗೆ ಎದ್ದು ಪ್ರಯೋಗಾಲಯಕ್ಕೆ ಹೋದಳು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಅದೇ ವಾಸಿ ಅನ್ನಿಸಿ ಬೇಸಿಗೆಯೆಲ್ಲ ತಟ್ಟೆಗಳ ಮುಂದೆ ತಲೆ ಬಗ್ಗಿಸಿ ಕಳೆದಳು.

ಗುಮಾಸ್ತೆ ಒಂದು ದಾರಿ ಹೇಳಿದಳು. ಮೀರಲಾಗದ ಕಷ್ಟದಿಂದ ಅರ್ಜಿ ತಡವಾದರೆ, ಅದಕ್ಕೆ ದಾಖಲೆ ಕೊಟ್ಟರೆ, ಪರವಾನಗಿ ಕಚೇರಿಯವರು ಕೆಲವೊಮ್ಮೆ ಒಪ್ಪುತ್ತಾರಂತೆ.

ಗಂಡ ಆ ಎಳೆಯನ್ನು ಹಿಡಿದುಕೊಂಡುಬಿಟ್ಟ. ಅವನು ಊರಿನಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರಾಗಿದ್ದವನು. ಹೆಂಡತಿಗೆ ಸೀಟು ಸಿಕ್ಕಿತೆಂದು ಕೆಲಸ ಬಿಟ್ಟು, "ನೀನು ಇಂಜಿನ್, ನಾನು ಡಬ್ಬಿ" ಎಂದು ನಗುತ್ತ ಅವಳ ಹಿಂದೆ ಬಂದಿದ್ದ. ಇಲ್ಲಿ ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಡುವ ಕೆಲಸ ಮಾಡುತ್ತಿದ್ದ. ಅವಳ ಪರವಾನಗಿಗೆ ಕಟ್ಟಿದ್ದ ಅವನ ಪರವಾನಗಿಯೂ ಜೊತೆಗೇ ಸತ್ತಿತ್ತು. ವಿಷಯ ತಿಳಿದ ಮೇಲ್ವಿಚಾರಕ, ಸರಿಯಾಗುವ ತನಕ ಬರಬೇಡ ಎಂದು ಕೀಲಿ ವಾಪಸು ಇಸಿದುಕೊಂಡಿದ್ದ.

"ಆಸ್ಪತ್ರೆ ಕಾಗದ ಎಲ್ಲಾ ಇದೆ. ಮರಣಪತ್ರಾನೂ ಇದೆ. ನಾಳೇನೇ ಕೊಟ್ಬಿಡೋಣ" ಎಂದ ಅವನು.

"ಬೇಡ. ಮರೆತುಹೋಯ್ತು ಅಂತ ಬರಿ. ತಪ್ಪಾಯ್ತು ಅಂತ ಬರಿ. ಅವಳ ವಿಷಯ ಬೇಡ."

ಮರೆತೆ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವನು ಮೇಷ್ಟ್ರ ತಾಳ್ಮೆಯಲ್ಲೇ ಬಿಡಿಸಿ ಹೇಳಿದ. ಕಷ್ಟ ಬಂದದ್ದು ಸುಳ್ಳಲ್ಲವಲ್ಲ ಎಂದ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಕೊನೆಗೆ ಅವನ ದನಿಯೂ ಒಡೆಯಿತು.

"ನಮ್ಮ ಮಗಳು ತಾನೇ? ಅಪ್ಪ ಅಮ್ಮನಿಗೋಸ್ಕರ ಒಂದು ಕೆಲಸ ಮಾಡ್ಕೊಟ್ರೆ ತಪ್ಪೇನು?"

"ಕಣ್ಣು ಬಿಟ್ಟು ನಮ್ಮ ಮುಖಾನೇ ಸರಿಯಾಗಿ ನೋಡ್ಲಿಲ್ಲ ಅದು. ಅದರ ಕೈಲೂ ಕೆಲಸ ಮಾಡಿಸ್ತೀಯಾ?"

ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಊರಿನಿಂದ ಅವಳ ಅಮ್ಮ ಫೋನ್ ಮಾಡಿದರು. ಅಲ್ಲಿ ಕೂತು ಯಾರ ಕಾಲು ಹಿಡಿಯುತ್ತೀರಿ, ಗಂಜಿಯೋ ಅಂಬಲಿಯೋ ನಮ್ಮ ಜೊತೆ ಕುಡಿದುಕೊಂಡು ಇರುವಿರಂತೆ ಬಂದುಬಿಡಿ ಎಂದು ಅತ್ತರು. ಮೊಮ್ಮಗಳನ್ನು ಅವರು ಫೋನಿನ ಪರದೆಯಲ್ಲಿ ಮಾತ್ರ ನೋಡಿದ್ದರು. "ಅವಳನ್ನ ಇಲ್ಲಿ ಒಬ್ಬಳೇ ಬಿಟ್ಟು ಹೇಗಮ್ಮ ಬರ್ಲಿ?" ಎಂದು ಅವಳು ಕೇಳಿದಾಗ ಅಮ್ಮ, ಊಟ ಮಾಡಿದೆಯಾ ಎಂದು ಕೇಳಿದರು.

ಒಂದು ಮಧ್ಯಾಹ್ನ ಅವಳು ತರಕಾರಿ ತಂದು ಬಾಗಿಲು ತೆಗೆದರೆ, ಗಂಡ ಕೋಣೆಯ ನಡುವೆ ನಿಂತು ಹಾಸಿಗೆ ಬಟ್ಟೆ ಮಡಚಲು ಹೆಣಗುತ್ತಿದ್ದ. ಮನೆಯಲ್ಲಿದ್ದ ಒಗೆಯುವ ಬಟ್ಟೆಯೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮುಗಿಸಿದ್ದ. ಟವೆಲುಗಳು ಹೋಟೆಲಿನಲ್ಲಿಡುವ ಹಾಗೆ ಮಂಚದ ಮೇಲೆ ಸಾಲಾಗಿ ಕೂತಿದ್ದವು. ಹಾಸಿಗೆ ಬಟ್ಟೆ ಮಾತ್ರ ಒಬ್ಬನ ಕೈಗೆ ಬಗ್ಗದೆ ನೆಲಕ್ಕೆ ತಾಗುತ್ತಿತ್ತು. ಅವಳನ್ನು ಕಂಡು ಅವನು ಕದ್ದು ಸಿಕ್ಕಿಬಿದ್ದವನಂತೆ ನಕ್ಕ. ಅವಳು ಚೀಲ ಕೆಳಗಿಟ್ಟು ಇನ್ನೆರಡು ಚುಂಗು ಹಿಡಿದಳು. ಎಳೆದು ಬಿಗಿ ಮಾಡಿ, ಮಡಚಿ, ಒಬ್ಬರತ್ತ ಒಬ್ಬರು ನಡೆದು ಬಂದು ಅಂಚಿಗೆ ಅಂಚು ಕೂಡಿಸಿದರು. ಅವನ ಬೆರಳುಗಳು ಅವಳ ಬೆರಳಿಗೆ ತಾಗಿದವು.

"ಕೊಡೋಣ" ಎಂದಳು ಅವಳು. ಅವನು ಏನು ಎಂದು ಕೇಳಲಿಲ್ಲ.

ಪರವಾನಗಿ ಕಚೇರಿಯ ಅಧಿಕಾರಿ ಅವಳ ಅಮ್ಮನ ವಯಸ್ಸಿನ ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಇಬ್ಬರನ್ನೂ ಕೂರಿಸಿ, ಆಸ್ಪತ್ರೆಯ ಪತ್ರ, ಸಂಶೋಧನೆಯ ಗೈಡ್ ಬರೆದುಕೊಟ್ಟ ಶಿಫಾರಸು, ಮರಣಪತ್ರ ಎಲ್ಲವನ್ನೂ ಅವಸರವಿಲ್ಲದೆ ಓದಿದಳು. ಮಗುವಿನ ಹೆಸರು ಇರಬೇಕಾದ ಜಾಗದಲ್ಲಿ 'ಹೆಣ್ಣು ಶಿಶು' ಎಂದಷ್ಟೇ ಇರುವುದನ್ನು ಕಂಡು ಒಮ್ಮೆ ತಲೆಯೆತ್ತಿ ನೋಡಿದಳು. ನಿಮಗೆ ಹೀಗಾಗಬಾರದಿತ್ತು ಎಂದಳು. ಅದು ಬಾಯುಪಚಾರದ ಮಾತಿನಂತೆ ಕೇಳಲಿಲ್ಲ. ಗಂಡನ ಮುಖದಲ್ಲಿ ಸ್ವಲ್ಪ ಆಸೆ ಮೂಡಿತು.

ಆಮೇಲೆ ಅಧಿಕಾರಿ ಮರಣಪತ್ರದ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಮಗುಗೆ ಹುಷಾರಿಲ್ದೆ ಅರ್ಜಿ ಹಾಕೋಕಾಗ್ಲಿಲ್ಲ ಅಂತ ಬರ್ದಿದ್ದೀರಿ. ಅದು ನನಗೆ ಅರ್ಥ ಆಗುತ್ತೆ. ಆದ್ರೆ ಬೇಸಿಗೆ ಶುರುನಲ್ಲೇ ಮಗು ತೀರಿಕೊಂಡಿದೆ. ಅಲ್ಲಿಗೆ ಆ ಕಾರಣ ಮುಗೀತಲ್ವಾ? ಆಮೇಲೆ ಯಾಕೆ ಹಾಕ್ಲಿಲ್ಲ?"

ಕಾರಣ ಮುಗಿದ ಕೂಡಲೇ ಅರ್ಜಿ ಹಾಕಿರಬೇಕು ಎನ್ನುವುದು ನಿಯಮ ಎಂದೂ ಸೇರಿಸಿದಳು. ಗಂಡ ಹೆಂಡತಿಯ ಕಡೆ ನೋಡಿದ. ಅಧಿಕಾರಿ ಮೆತ್ತಗೆ ಮತ್ತೆ ಕೇಳಿದಳು, ಅಷ್ಟು ವಾರ ನೀವು ಏನು ಮಾಡುತ್ತಿದ್ದಿರಿ, ಏನಾದರೂ ಇದ್ದರೆ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದು.

"ಹಾಲು ನಿಲ್ಲೋದನ್ನ ಕಾಯ್ತಾ ಇದ್ದೆ" ಎಂದಳು ಅವಳು.

ಗಂಡನಿಗೂ ಅದು ಗೊತ್ತಿರಲಿಲ್ಲ. ಹೆಂಡತಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಎಷ್ಟೋ ಹೊತ್ತು ನಿಲ್ಲುತ್ತಿದ್ದುದು ಅಳುವುದಕ್ಕೆ ಎಂದೇ ಅವನು ತಿಳಿದಿದ್ದ. ಮಣ್ಣು ಮಾಡಿ ಬಂದ ದಿನವೂ ಹೊತ್ತು ಹೊತ್ತಿಗೆ ಎದೆ ಗಟ್ಟಿಯಾಗುತ್ತಿತ್ತು. ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಅವಳು ತೊಟ್ಟಿಗೆ ಬಾಗಿ ಹಿಂಡುತ್ತಿದ್ದಳು, ಬಿಳಿ ನೀರು ಹರಿದುಹೋಗುವವರೆಗೆ ನಲ್ಲಿ ಬಿಡುತ್ತಿದ್ದಳು. ಹಿಂಡಿದಷ್ಟೂ ಬರುತ್ತದೆ, ಹಿಂಡಬೇಡ ಎಂದು ಹೇಳುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ಹಾಲು ನಿಂತ ದಿನ ಸಮಾಧಾನವಾಗಲಿಲ್ಲ. ಅಂದೇ ಅವಳು ನಿಜವಾಗಿ ಅತ್ತದ್ದು. ಇದ್ಯಾವುದನ್ನೂ ಅವಳು ಅಧಿಕಾರಿಗೆ ಹೇಳಲಿಲ್ಲ. ಒಂದೇ ಸಾಲು ಹೇಳಿ ಕೈಕಟ್ಟಿ ಕೂತಳು.

ಅಧಿಕಾರಿಯ ಬೆರಳುಗಳು ಕೀಬೋರ್ಡಿನ ಮೇಲೆ ನಿಂತವು. ಕರವಸ್ತ್ರದಿಂದ ಮೂಗೊರೆಸಿಕೊಂಡು, ಕೊನೆಗೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಇದನ್ನ ಯಾರಾದ್ರೂ ಡಾಕ್ಟ್ರು ಬರೆದುಕೊಟ್ಟಿದ್ದಾರಾ?"

ಅದರಲ್ಲಿ ಕುಹಕವಿರಲಿಲ್ಲ. ಹೇಗಾದರೂ ಒಂದು ಕಾಗದ ಸಿಕ್ಕೀತೇ ಎಂದು ತಡಕಾಡುವವಳ ದನಿ ಅದು. ಇಲ್ಲ ಎಂದು ಅವಳು ತಲೆಯಾಡಿಸಿದಳು.

ಉತ್ತರ ಅಂಚೆಯಲ್ಲಿ ಬಂತು. ಅರ್ಜಿ ತಿರಸ್ಕಾರವಾಗಿತ್ತು. ತಾವಾಗಿಯೇ ಹೊರಟರೆ ಮುಂದೆಂದಾದರೂ ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ ಎಂದಿತ್ತು. ಮತ್ತೆ ಬರೋಣ ಎಂದ ಗಂಡ. ಹ್ಞೂಂ ಎಂದಳು ಅವಳು. ಗೈಡ್ ತಾವೇ ಪ್ರಯೋಗಾಲಯದ ಬಾಗಿಲು ತೆಗೆದು ಅವಳನ್ನು ಒಳಗೆ ಬಿಟ್ಟರು. ಅವಳು ತಟ್ಟೆಗಳನ್ನು ಯಾವ ಬಿಸಿಯಲ್ಲಿ ಇಡಬೇಕು, ಯಾವುದನ್ನು ಎಸೆಯಬೇಕು ಎಂದು ಹೇಳಿಕೊಟ್ಟು, ಕೋಟು ಬಿಚ್ಚಿ ಮೊಳೆಗೆ ಹಾಕಿ ಬಂದಳು.

ಹೊರಡುವ ಹಿಂದಿನ ದಿನ ಬಸ್ಸು ಹಿಡಿದು ಸ್ಮಶಾನಕ್ಕೆ ಹೋದರು. ಒಂದು ಕಲ್ಲನ್ನಾದರೂ ನೆಡಿಸಿ ಹೋಗಬೇಕೆಂದು ಗಂಡನಿಗೆ ಆಸೆಯಿತ್ತು. ಮಣ್ಣು ಇನ್ನೂ ಕೂರಬೇಕು, ಈಗ ನೆಟ್ಟರೆ ಕಲ್ಲು ವಾಲುತ್ತದೆ, ಚಳಿಗಾಲ ಕಳೆದು ಬನ್ನಿ ಎಂದ ಕಾವಲುಗಾರ. ಆಗಲಿ ಎಂದು ಅವರು ಮುಂದೆ ನಡೆದರು.

ಬೇಸಿಗೆಯಲ್ಲಿ ಬರಿಯ ಮಣ್ಣಾಗಿದ್ದ ಜಾಗದಲ್ಲಿ ಎಳೆ ಹುಲ್ಲು ಹಬ್ಬಿತ್ತು. ಗಂಡ ಕುಕ್ಕರಗಾಲಲ್ಲಿ ಕೂತು, ಚೊಕ್ಕಟ ಮಾಡುವವನಂತೆ ಅದನ್ನು ಒಂದೊಂದೇ ಹಿಡಿ ಕೀಳತೊಡಗಿದ. ಗಾಳಿ ತಣ್ಣಗೆ ಬೀಸುತ್ತಿತ್ತು. ಅವಳು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದಳು.

"ಕೀಳ್ಬೇಡ ಬಿಡು" ಎಂದಳು. "ಚಳಿ ಶುರುವಾಗ್ತಿದೆ. ಹೊದ್ಕೊಂಡಿರ್ಲಿ."

ಅವನ ಕೈ ನಿಂತಿತು. ಮುಷ್ಟಿಯಲ್ಲಿದ್ದ ಹುಲ್ಲನ್ನು ನೋಡಿದ. ಆಮೇಲೆ ಒಂದೊಂದೇ ಬೇರನ್ನು ಹಸಿ ಮಣ್ಣಿನಲ್ಲಿ ತಿರುಗಿ ಇಟ್ಟು, ಹೆಬ್ಬೆರಳಿನಿಂದ ಮೆತ್ತಗೆ ಒತ್ತತೊಡಗಿದ.