ಗೆರೆಯಾಚೆ ಹನ್ನೆರಡು ಹೆಜ್ಜೆ

ಅನಸೂಯ ಬಗಲಲ್ಲಿದ್ದ ಕನ್ನಡಿಯನ್ನು ಹುಲ್ಲಿನ ಮೇಲೆ ಇಳಿಸಿ, ಫೋನಿನ ನಕ್ಷೆಯನ್ನು ಮೂರನೆಯ ಸಲ ನೋಡಿದಳು. ಗೆರೆ ಪಾಳು ಚರ್ಚಿನ ನಟ್ಟನಡುವೆ ಹಾದುಹೋಗಿತ್ತು. ಲಾಕ್‌ಡೌನು ಮುಗಿಯುವ ತನಕ ಮನೆಯಿಂದ ಐದು ಕಿಲೋಮೀಟರು ದಾಟಬಾರದೆಂದು ಈ ಪರದೇಶದ ಸರ್ಕಾರದ ಕಟ್ಟಪ್ಪಣೆ. ಸಿಟಿವೆಸ್ಟ್ ಬಡಾವಣೆಯ ಮನೆಯಿಂದ ಎಳೆದ ಅವಳ ವೃತ್ತದೊಳಗೆ, ಹಿಂದೆ ಜನ ನಿಲ್ಲುತ್ತಿದ್ದ ಪಡಸಾಲೆ ಬರುತ್ತಿತ್ತು. ಮುರಿದ ಕಮಾನಿನಾಚೆ, ಪಾದ್ರಿ ನಿಲ್ಲುತ್ತಿದ್ದ ಒಳಭಾಗ ಬರುತ್ತಿರಲಿಲ್ಲ. ಅವಳಿಗೆ ಬೇಕಾದ ಕಲ್ಲು ಇದ್ದದ್ದು ಆ ಒಳಭಾಗದಲ್ಲಿ. ಇದ್ದರೆ.

ಆ ‘ಇದ್ದರೆ’ ಒಂದು ವಾರದಿಂದ ಅವಳ ನಿದ್ದೆ ಕೆಡಿಸಿತ್ತು. ಎಂಬತ್ತು ವರ್ಷದ ಹಿಂದೆ ಸರ್ವೆಯವರೊಬ್ಬರು ಈ ಗೋಡೆಗಳಲ್ಲಿ ಎಲ್ಲೋ ಶಿಲುಬೆ ಕೆತ್ತಿದ ಕಲ್ಲನ್ನು ಕಂಡು, ಶಿಲುಬೆಯ ನಾಲ್ಕು ಮೂಲೆಗೂ ಒಂದೊಂದು ಕುಳಿ ಇದೆಯೆಂದು ಬರೆದಿಟ್ಟಿದ್ದರು. ಆಮೇಲೆ ಬಂದವರೆಲ್ಲ ‘ಸಿಗಲಿಲ್ಲ’ ಎಂದು ಬರೆದು ಹೋಗಿದ್ದರು. ಹಳೆಯ ಕಟ್ಟಡಗಳ ಬಗೆಗಿನ ಆನ್‌ಲೈನ್ ಸಂಜೆ ತರಗತಿಯಲ್ಲಿ ಮೇಷ್ಟ್ರು ಈ ಚರ್ಚಿನ ಹಳೆಯ ಫೋಟೊ ತೋರಿಸಿದಾಗ, ಇಡೀ ವರ್ಷ ಒಂದು ಪ್ರಶ್ನೆಯನ್ನೂ ಕೇಳದಿದ್ದ ಅನಸೂಯ ಬಾಯಿ ತೆರೆದಿದ್ದಳು. ಕಲ್ಲು ಎಲ್ಲೂ ಹೋಗಿಲ್ಲ, ದಕ್ಷಿಣದ ಗೋಡೆಯ ಒಳಮೈಯಲ್ಲೇ ಇದೆ, ಬಿಸಿಲು ಬೀಳದ್ದಕ್ಕೆ ಯಾರಿಗೂ ಕಂಡಿಲ್ಲ ಎಂದುಬಿಟ್ಟಿದ್ದಳು. ಪರದೆಯ ಮೇಲಿನ ಹದಿನೆಂಟು ಮುಖಗಳು ಅವಳನ್ನೇ ನೋಡಿದ್ದವು. ಹೋಗಿ ನೋಡಿ ಬನ್ನಿ, ಇದ್ದರೆ ದಾಖಲೆ ತಿದ್ದಿಸೋಣ, ಸೋಮವಾರ ಎಲ್ಲರ ಮುಂದೆ ಹೇಳಿ ಎಂದಿದ್ದರು ಮೇಷ್ಟ್ರು. ಅಂದಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ. ಬಚ್ಚಲುಮನೆಯ ಕನ್ನಡಿ ಕಳಚುತ್ತಿದ್ದಾಗ ಗಂಡ ಶ್ರೀಕಂಠ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ನಾಳೆ ಗಡ್ಡ ಹೇಗೆ ಬೋಳಿಸಲಿ ಎಂದಷ್ಟೇ ಕೇಳಿದ್ದ.

"ಎಲ್ಲಿ ಐತೆವಾ ನಿನ್ನ ಗೆರಿ? ನನಗಂತೂ ಬರೇ ಹುಲ್ಲ ಕಾಣ್ತೈತಿ."

ಕಮಾನಿನಾಚೆ ಚಾಂದ್ ಬೀ ನಿಂತಿದ್ದರು. ಬಿಜಾಪುರದವರು, ಬಟ್ಟೆ ತಿದ್ದಿಕೊಡುವ ಅವರ ಅಂಗಡಿ ಮುಚ್ಚಿ ಎರಡು ತಿಂಗಳಾಗಿದ್ದರೂ ಅಳತೆಯ ಟೇಪು ಕೊರಳಲ್ಲೇ ಇತ್ತು. ಅದೇ ತರಗತಿಯಲ್ಲಿ ಒಮ್ಮೆ ಮೈಕು ಮುಚ್ಚಲು ಮರೆತು, ಸೀಟಿ ಮೂರಾತು, ಕುಕ್ಕರ್ ಬಂದ್ ಮಾಡ್ರೋ ಎಂದು ಅವರು ಕೂಗಿದಾಗಲೇ ಇಬ್ಬರಿಗೂ ಪರಿಚಯವಾದದ್ದು. ಮುಖಾಮುಖಿ ಕಂಡದ್ದು ಇವತ್ತೇ. ಅವರ ಮನೆ ಪೂರ್ವಕ್ಕೆ. ಇಡೀ ಚರ್ಚು ಅವರ ಐದು ಕಿಲೋಮೀಟರಿನೊಳಗಿತ್ತು.

"ನಗಬೇಡಿ ಆಪಾ. ಮುಂದಿನ ತಿಂಗಳು ನಾವು ಇಲ್ಲಿರೋ ಪರ್ಮಿಟ್ ರಿನ್ಯೂವಲ್ ಇದೆ. ಗಾರ್ಡಾ ಪೊಲೀಸರು ಬಂದು ಕೇಳಿದ್ರೆ ಏನಂತ ಹೇಳ್ಲಿ?"

ಚಾಂದ್ ಬೀ ಗೋಡೆಯತ್ತ ನಡೆದರು. ಫೆಬ್ರುವರಿಯ ಮೂರು ಗಂಟೆಯ ಬಿಸಿಲು ಪಶ್ಚಿಮದ ಬಾಗಿಲಿನಿಂದ ಪಡಸಾಲೆಗೆ ಓರೆಯಾಗಿ ಬಿದ್ದಿತ್ತು. ಅನಸೂಯ ಕನ್ನಡಿ ಎತ್ತಿ ಹಿಡಿದಳು. ಬೆಳಕಿನ ತುಂಡೊಂದು ಕಮಾನು ದಾಟಿ ಒಳಕ್ಕೆ ಹಾರಿ, ದಕ್ಷಿಣದ ಗೋಡೆಯನ್ನು ಸವರುತ್ತ ಸಾಗಿತು. ಸಪಾಟಾಗಿದ್ದ ಕಲ್ಲುಗಳಿಗೆ ಒಂದೊಂದಾಗಿ ಉಬ್ಬು ತಗ್ಗು ಮೂಡಿದವು.

"ಏನೂ ಕಾಣವಲ್ದು... ತಡಿ. ದಾಟಿ ಹೋತು, ಹಿಂದಕ್ ತಗೋ. ಹಾಂ, ಅಲ್ಲೇ ನಿಂದರಸು." ಚಾಂದ್ ಬೀ ಕಲ್ಲಿಗೆ ಮುಖ ಹತ್ತಿರ ತಂದರು. "ಉದ್ದ ಒಂದು ಗೆರಿ. ಅಡ್ಡ ಒಂದು."

"ಕುಳಿ? ಕುಳಿ ಎಣಿಸಿ ಆಪಾ."

"ಒಂದು. ಎರಡು. ಮೂರು." ಅವರು ಮತ್ತೆ ಮೊದಲಿನಿಂದ ಎಣಿಸಿದರು. "ಮೂರ ಅದಾವ."

ಮೂರು. ಹಾಗಾದರೆ ಇದು ಬೇರೆ ಯಾವುದೋ ಕಲ್ಲು. ಕ್ಷಮಿಸಿ, ನನ್ನ ತಪ್ಪು ಎಂದು ಮೇಷ್ಟ್ರಿಗೆ ಬರೆಯಬೇಕಾದ ಇಮೇಲಿನ ಮೊದಲ ಸಾಲು ಅವಳ ತಲೆಯಲ್ಲಿ ಆಗಲೇ ತಯಾರಾಗುತ್ತಿತ್ತು. ಕೆಳಗಿನ ಮೂಲೆಯಲ್ಲಿ ಪಾಚಿ ಐತಿ, ಉಗುರಿನಿಂದ ಕೆರೀತೀನಿ ಎಂದರು ಚಾಂದ್ ಬೀ.

"ಮುಟ್ಟಬೇಡಿ. ಉಗುರೂ ತಾಕಿಸಬೇಡಿ."

ತನ್ನ ದನಿಯ ಗಡಸು ಅವಳನ್ನೇ ಬೆಚ್ಚಿಸಿತು. ಬೆಳಕು ಮೇಲಿನಿಂದ ಬೀಳುತ್ತಿದೆ, ಕೆಳಮೂಲೆಗೆ ಕೆಳಗಿನಿಂದಲೇ ಬೀಳಬೇಕು ಎಂದು ಹೊಳೆದದ್ದೇ ಅವಳು ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ, ಕನ್ನಡಿಯನ್ನು ನೆಲಕ್ಕೆ ತಾಗಿಸಿ, ಕೂದಲೆಳೆಯಷ್ಟು ಓರೆ ಮಾಡಿದಳು. ಜೀನ್ಸಿನೊಳಗೆ ನೀರು ಇಳಿಯಿತು.

"ನಾಕು," ಎಂದರು ಚಾಂದ್ ಬೀ. ಯಾವತ್ತೂ ಮೆಲ್ಲಗೆ ಮಾತಾಡದವರು ಮೆಲ್ಲಗೆ ಅಂದರು. "ನಾಕೂ ಅದಾವ, ಅನಸೂಯಾ. ನಾಕನೇದರ ಅಂಚು ಕಾಣ್ತೈತಿ."

ಅವಳಿಗೆ ಕೂಗಬೇಕೆನಿಸಿತು, ಕುಣಿಯಬೇಕೆನಿಸಿತು, ಅಲ್ಲಿಗೆ ಓಡಬೇಕೆನಿಸಿತು. ಆದರೆ ಅವಳು ಎದ್ದರೆ ಕನ್ನಡಿ ಅಲುಗುತ್ತದೆ, ಬೆಳಕು ಹೋಗುತ್ತದೆ. ಮಂಡಿಯೂರಿದಲ್ಲಿಂದ ಕಂಡದ್ದು ಬರೀ ಚಾಂದ್ ಬೀಯ ಬೆನ್ನು.

ಅವರು ತಿರುಗಿ, ಸರಸರ ಬಂದು ಎರಡು ಮೀಟರು ದೂರ ನಿಂತರು. "ಆ ಕನ್ನಡೀನ ನಿನ್ನ ಬಾಜೂಕಿನ ಕಲ್ಲಿಗೆ ಆನಿಸಿ ಹೊಂಡು. ನಾ ಹಿಡೀತೀನಿ. ಯಾರರ ಕೇಳಿದ್ರ, ಅಕಿ ನಮ್ಮ ಗಿರಾಕಿ, ಅಳತಿ ಕೊಡಾಕ ಬಂದಾಳ ಅಂತೀನಿ."

ಅನಸೂಯ ಕನ್ನಡಿಯ ಅಂಚನ್ನು ಸ್ಯಾನಿಟೈಸರಿನಿಂದ ಒರೆಸಿ, ಆನಿಸಿಟ್ಟು, ಎದ್ದಳು. ಕಮಾನಿನ ಕೆಳಗೆ ಒಂದು ಗಳಿಗೆ ನಿಂತಳು. ಆಮೇಲೆ ನಡೆದಳು, ವರದಿಯಲ್ಲಿ ಸುಳ್ಳು ಬರೆಯಬಾರದೆಂದು ಒಂದೊಂದೇ ಹೆಜ್ಜೆ ಎಣಿಸುತ್ತ. ಹನ್ನೆರಡು.

ಚಾಂದ್ ಬೀ ಹಿಡಿದ ಬೆಳಕು ಹಿಂದಿನಿಂದ ಅತ್ತಿತ್ತ ಹುಡುಕಿ, ಬಂದು ನಿಂತಿತು. ಶಿಲುಬೆ ಅವಳ ಗೇಣಿಗಿಂತ ತುಸು ದೊಡ್ಡದು. ಗೆರೆ ಎಡಕ್ಕೆ ಚೂರು ವಾಲಿತ್ತು. ಅವಳು ಬಗ್ಗಿ ನಾಲ್ಕನೆಯ ಕುಳಿ ನೋಡಿದಳು. ಅದರೊಳಗೆ, ಪಾಚಿಯ ಸಂದಿನಲ್ಲಿ, ಕಡಲೆಕಾಳಿನಷ್ಟಿದ್ದ ಬಸವನಹುಳುವೊಂದು ಚಿಪ್ಪು ಮುಚ್ಚಿಕೊಂಡು ಚಳಿಗಾಲ ಕಳೆಯುತ್ತಿತ್ತು.

ಅನಸೂಯ ಅಂಗೈ ಚಾಚಿ, ನಿದ್ದೆಯಲ್ಲಿದ್ದ ಹುಳುವಿನ ಮೇಲೆ ಬೆಳಕು ಬೀಳದಂತೆ ಅಡ್ಡ ಹಿಡಿದಳು.