ಒಂದೇ ಕೈಯಲ್ಲಿ ತಿರುಗುವ ಡ್ರಮ್

ಆ ಚೀಟಿಯನ್ನು ನಮ್ಮ ತೋಟದ ಗೇಟಿಗೆ ದಾರದಲ್ಲಿ ಕಟ್ಟಿ ಹೋಗಿದ್ದರು. ನಿಮ್ಮ ಗೊಬ್ಬರದ ರಾಶಿ ಬಯಲಲ್ಲೇ ಬಿದ್ದಿದೆ, ಇಲಿ ಸೇರಿಕೊಂಡಿವೆ ಎಂದು ಪಕ್ಕದವರು ದೂರು ಕೊಟ್ಟಿದ್ದಾರೆ, ಇನ್ನು ಹದಿಮೂರು ದಿನಕ್ಕೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ನೋಡಲು ಬರುತ್ತೇವೆ, ಅಷ್ಟರಲ್ಲಿ ಮುಚ್ಚಳವಿರುವ ತೊಟ್ಟಿ ಇಡದಿದ್ದರೆ ತೋಟವನ್ನು ಬೇರೆಯವರಿಗೆ ಕೊಡಲಾಗುವುದು ಎಂದಿತ್ತು. ಕೆಳಗೆ ಡ್ರಿಲ್ ಮೇಷ್ಟ್ರ ಸಹಿ. ಅವರು ತೋಟಗಳ ಸಂಘದ ಕಾರ್ಯದರ್ಶಿ. ಶಾಲೆ ಬಿಟ್ಟು ನಿವೃತ್ತರಾಗಿ ಎಷ್ಟೋ ವರ್ಷವಾದರೂ ನಡೆಯುವುದು ಈಗಲೂ ಕವಾಯತಿನ ಹಾಗೆಯೇ.

ತೋಟ ಅಂದರೆ ದೊಡ್ಡದೇನಲ್ಲ. ರೈಲು ಹಳಿಯ ಪಕ್ಕದ ಬಯಲನ್ನು ನಲವತ್ತು ತುಂಡು ಮಾಡಿ, ಮನೆಯ ಮುಂದೆ ಮಣ್ಣಿಲ್ಲದವರಿಗೆ ಹಂಚಿದ್ದಾರೆ. ಹತ್ತು ಹೆಜ್ಜೆ ಅಗಲ, ಇಪ್ಪತ್ತು ಹೆಜ್ಜೆ ಉದ್ದ. ನಮ್ಮದು ಅಮ್ಮನ ಹೆಸರಿನಲ್ಲಿದೆ. ಬೇರೆಯವರಿಗೆ ತೋಟ ಹೋದರೆ ನಾಲ್ಕು ಬದನೆಕಾಯಿ ಹೋಗುತ್ತವೆ. ನಮಗೆ ಅಣ್ಣನೇ ಹೋಗುತ್ತಿದ್ದ.

ಅಣ್ಣ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿದ್ದ. ಕತ್ತರಿಸುವ ಯಂತ್ರಕ್ಕೆ ಬಲಗೈ ಸಿಕ್ಕಿ ಮಧ್ಯದ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಆಸ್ಪತ್ರೆಯಿಂದ ಬಂದವನು ಕೋಣೆ ಸೇರಿ ಎಂಟು ತಿಂಗಳು ಬಾಗಿಲು ಹಾಕಿಕೊಂಡ. ಕೈಯ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದೆ ಎಲ್ಲವನ್ನೂ ಅವನಿಗಿಂತ ಮುಂಚೆ ನಾವು ಮಾಡಿ ಮುಗಿಸುತ್ತಿದ್ದೆವು. ಅಮ್ಮ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು, ನಸುಕಿನಲ್ಲೇ ಹೊರಡಬೇಕು. ಹೊರಡುವ ಮುಂಚೆ ಬಾಟಲಿ, ಡಬ್ಬಿ, ಹಲ್ಲುಜ್ಜುವ ಪೇಸ್ಟು, ಎಲ್ಲದರ ಮುಚ್ಚಳ ಸಡಿಲ ಮಾಡಿ ಇಡುತ್ತಿದ್ದಳು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬಟ್ಟೆ ಸರಿಪಡಿಸುವ ಅಂಗಡಿಗೆ ಸೇರಿದವಳು. ಅವನ ಅಂಗಿಗಳ ಗುಂಡಿಯೆಲ್ಲ ಕಿತ್ತು, ಅವನಿಗೆ ಹೇಳದೆಯೇ ಒತ್ತಿದರೆ ಕೂರುವ ಟಿಚ್ ಬಟನ್ ಹೊಲಿದೆ. ಚೆನ್ನಾಗಿದೆಯೋ ಇಲ್ಲವೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ದಿನ ಏನನ್ನಿಸಿತೋ, ತರಕಾರಿ ಸಿಪ್ಪೆಯ ಬಕೆಟ್ಟು ಎತ್ತಿಕೊಂಡು ಅಣ್ಣ ತಾನೇ ತೋಟಕ್ಕೆ ಹೋದ. ನಾನು ಹಿಂದೆಯೇ ಹೋಗಿ ಅವರೆ ಬಳ್ಳಿಯ ಮರೆಯಲ್ಲಿ ನಿಂತೆ. ಗೊಬ್ಬರದ ರಾಶಿಯ ಮುಂದೆ ಬಹಳ ಹೊತ್ತು ನಿಂತಿದ್ದು ಸಲಿಕೆ ತೆಗೆದುಕೊಂಡ. ಹಿಡಿಯನ್ನು ಬಲ ಕಂಕುಳಲ್ಲಿ ಒತ್ತಿ ಎಡಗೈಯಲ್ಲಿ ತಳ್ಳಿದ. ಜಾರಿತು. ಮತ್ತೆ ತಳ್ಳಿದ. ಕೆಟ್ಟ ಬೈಗುಳ ಬೈದ. ಅವತ್ತಿನಿಂದ ದಿನಾ, ಜನ ಬರುವ ಮುಂಚೆ ಹೋಗಿ ರಾಶಿಯನ್ನು ಬುಡಮೇಲು ಮಾಡಿ ಬರುತ್ತಿದ್ದ. ಅಂಗೈಯಲ್ಲಿ ಬೊಬ್ಬೆ ಎದ್ದಿರುತ್ತಿತ್ತು, ಅಂಗಿ ಬೆವರಲ್ಲಿ ತೊಯ್ದಿರುತ್ತಿತ್ತು. ಒಂದು ಸಲ ನನ್ನನ್ನು ಬಳ್ಳಿಯ ಹಿಂದೆ ಕಂಡುಬಿಟ್ಟ.

"ಏ ಮೂಗಿ, ಕಳ್ಳಿ ಥರ ನಿಂತಿದ್ಯಲ್ಲ, ಬಾ ಇಲ್ಲಿ. ಕೈ ಇಟ್ಟು ನೋಡು."

ರಾಶಿಯ ಒಳಗೆ ಕೈ ತೂರಿದೆ. ಒಲೆಯ ಹಾಗಿತ್ತು. ನನಗೆ ಮಾತು ಕಮ್ಮಿ ಎಂದು ಚಿಕ್ಕಂದಿನಲ್ಲಿ ಅವನೇ ಇಟ್ಟ ಹೆಸರು ಮೂಗಿ; ಎಂಟು ತಿಂಗಳಲ್ಲಿ ಹಾಗೆ ಕರೆದದ್ದು ಅದೇ ಮೊದಲು.

ಆದ್ದರಿಂದ ಚೀಟಿಯನ್ನು ಅವನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟೆವು. ಅವನ ತಲೆಗೆ ಇದನ್ನು ಹಚ್ಚುವುದು ಬೇಡ, ನಾವೇ ಒಂದು ತೊಟ್ಟಿ ತಂದು ಇಟ್ಟುಬಿಡೋಣ ಎಂದಳು ಅಮ್ಮ. ಶನಿವಾರ ಅಂಗಡಿಗೆ ನಾನು ಹೋದೆ.

ತೋಟದ ಸಾಮಾನಿನ ಅಂಗಡಿಯ ಹಿತ್ತಲಲ್ಲಿ ಮೂರು ತರಹದವು ಇದ್ದವು. ಒಂದು ಎದೆಯೆತ್ತರದ ಹಸಿರು ಪ್ಲಾಸ್ಟಿಕ್ಕಿನದು, ಮುಚ್ಚಳವನ್ನು ತಿರುವಿ ತೆಗೆಯಬೇಕು. ಇನ್ನೊಂದು ಹಲಗೆಗಳ ಪೆಟ್ಟಿಗೆ. ಬಿಡಿಬಿಡಿಯಾಗಿ ಕೊಡುತ್ತಾರೆ, ಮನೆಗೆ ಒಯ್ದು ಸ್ಕ್ರೂ ಹಾಕಿ ಜೋಡಿಸಿಕೊಳ್ಳಬೇಕು. ಮೂರನೆಯದು ಕಬ್ಬಿಣದ ಕಾಲುಗಳ ಮೇಲೆ ಅಡ್ಡ ಮಲಗಿಸಿದ ಡ್ರಮ್, ಪಕ್ಕದಲ್ಲಿ ಹಿಡಿ. ಕಸ ತುಂಬಿ ಹಿಡಿ ತಿರುಗಿಸಿದರೆ ಒಳಗಿರುವುದು ತಾನೇ ಮಗುಚಿಕೊಳ್ಳುತ್ತದೆ. ಯಾರೂ ನೋಡುತ್ತಿಲ್ಲ ಎಂದುಕೊಂಡು ಬಲಗೈಯನ್ನು ಬೆನ್ನ ಹಿಂದೆ ಕಟ್ಟಿ ಒಂದೊಂದನ್ನೇ ಪರೀಕ್ಷೆ ಮಾಡಿದೆ. ಹಸಿರು ಮುಚ್ಚಳ ಎಡಗೈಗೆ ಬಗ್ಗಲೇ ಇಲ್ಲ. ಮಾದರಿಗೆ ಜೋಡಿಸಿಟ್ಟಿದ್ದ ಹಲಗೆ ಪೆಟ್ಟಿಗೆಯ ಮುಚ್ಚಳ ಎತ್ತಲು ಹೋಗಿ ಮೊಣಕಾಲಿಗೆ ಬಡಿಸಿಕೊಂಡೆ. ಡ್ರಮ್ಮಿನ ಹಿಡಿಯನ್ನು ಮುಟ್ಟಿದ್ದೇ ತಡ, ಗಿರ್ರೆಂದು ತಿರುಗಿತು.

ಕೈಗೇನಾಯ್ತಮ್ಮ ಎಂದು ಹಿಂದಿನಿಂದ ಯಾರೋ ಕೇಳಿದರು. ಅಂಗಡಿಯವನು. ಮಾತಾಡದೆ ಡ್ರಮ್ಮಿನ ಕಡೆ ಬೆರಳು ತೋರಿಸಿದೆ. ಇದು ಕಿರುಬೆರಳಲ್ಲೇ ತಿರುಗುತ್ತೆ ನೋಡಿ, ಎಂದು ತಿರುಗಿಸಿ ತೋರಿಸಿದ. ಅಣ್ಣನಿಗೆ ಕಿರುಬೆರಳು ಇದೆಯಲ್ಲ ಎಂದು ನನ್ನ ಮನಸ್ಸು ಹಗುರವಾಯಿತು.

ಭಾನುವಾರ ಮಧ್ಯಾಹ್ನ ಅವನು ಮಲಗಿದ್ದಾಗ ಅಮ್ಮನೂ ನಾನೂ ಡ್ರಮ್ಮನ್ನು ತೋಟಕ್ಕೆ ಸಾಗಿಸಿ, ಇಡೀ ರಾಶಿಯನ್ನು ಅದಕ್ಕೆ ತುಂಬಿ, ರಾಶಿ ಇದ್ದ ಜಾಗವನ್ನು ಗುಡಿಸಿಯೂ ಬಂದೆವು.

ಸೋಮವಾರ ಬೆಳಿಗ್ಗೆ ಅಣ್ಣ ಬಂದು ಗೇಟಿನ ಹತ್ತಿರವೇ ನಿಂತ. ಆಮೇಲೆ ಹತ್ತಿರ ಹೋಗಿ ಹಿಡಿಗೆ ಒಂದು ಬೆರಳು ತಾಗಿಸಿದ. ಡ್ರಮ್ ಎರಡು ಸುತ್ತು ಸುತ್ತಿ ನಿಂತಿತು.

"ಆಯ್ತು. ಇನ್ನೇನು ಮಾಡ್ಲಿ?"

"ಇನ್ನೇನಿಲ್ಲ ಅಣ್ಣಾ. ಮೂರು ದಿನಕ್ಕೊಂದ್ಸಲ ಹೀಗೆ ತಿರುಗಿಸಿದ್ರೆ ಸಾಕಂತೆ."

ಅವನು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. "ಅಂಗಿ ಆಯ್ತು, ಬಾಟ್ಲಿ ಆಯ್ತು, ಈಗ ಇದೂ ಆಯ್ತು. ನನ್ನ ಬದಲು ಉಸಿರಾಡೋದೊಂದು ಬಾಕಿ ಇದೆ ನೋಡು, ಅದನ್ನೂ ನೀವಿಬ್ರೂ ಹಂಚ್ಕೊಂಡ್ಬಿಡಿ."

ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮಂಗಳವಾರ ತೆಗೆಯಲಿಲ್ಲ. ಬುಧವಾರ ಹೊಸ್ತಿಲಲ್ಲಿಟ್ಟ ತಟ್ಟೆ ಇಟ್ಟ ಹಾಗೇ ಇತ್ತು. ಅಮ್ಮ ಬಾಗಿಲಿಗೆ ಕಿವಿ ಕೊಟ್ಟು ಉಸಿರು ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿದರೆ ಕೆಲಸಕ್ಕೆ ಹೋಗುತ್ತಿದ್ದಳು. ಬುಧವಾರ ಸಂಜೆ ಅವನು ಸ್ನಾನಕ್ಕೆ ಹೋದ ಹೊತ್ತು ನೋಡಿ, ಕೋಣೆಯ ಒಳ ಚಿಲಕದ ಸ್ಕ್ರೂಗಳನ್ನು ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಯಾಕಮ್ಮ ಎಂದೆ. ಅವಳು ಗಂಟನ್ನು ಇನ್ನೊಮ್ಮೆ ಬಿಗಿದಳು. ಅವಳು ಯಾವುದಕ್ಕೆ ಹೆದರಿದ್ದಳೋ ಅದಕ್ಕೇ ನಾನೂ ಹೆದರಿದ್ದೆ. ಅವನು ಹಿಂತಿರುಗಿ ಬಂದು ಚಿಲಕವಿದ್ದ ಜಾಗದ ತೂತುಗಳನ್ನು ನೋಡಿದ. ನಮ್ಮಿಬ್ಬರ ಮುಖ ನೋಡಿದ. ಬಾಗಿಲು ಎಳೆದುಕೊಂಡ. ಅವನನ್ನು ಕೇಳದೆ ಮತ್ತೆ ಅದೇ ಕೆಲಸ ಮಾಡಿದ್ದೆವು.

ಆ ರಾತ್ರಿಯೆಲ್ಲ ಅವನು ಸಲಿಕೆ ಹಿಡಿದಿದ್ದ ರೀತಿ ಕಣ್ಣ ಮುಂದೆ ಬರುತ್ತಿತ್ತು. ಅಷ್ಟು ದಿನ ಬಳ್ಳಿಯ ಹಿಂದೆ ನಿಂತು ನೋಡಿದ್ದೆ. ಜಾರುವುದನ್ನು ನೋಡಿದಾಗಲೆಲ್ಲ, ಪಾಪ, ಎಷ್ಟು ಕಷ್ಟ ಪಡುತ್ತಾನೆ ಎಂದುಕೊಂಡಿದ್ದೆ. ಆ ಕಷ್ಟಕ್ಕೇ ಅವನು ದಿನಾ ಎದ್ದು ಹೋಗುತ್ತಿದ್ದ. ಕಣ್ಣಿದ್ದೂ ನನಗೆ ಕಂಡಿರಲಿಲ್ಲ.

ಗುರುವಾರ ಡ್ರೈವರ್ ಮಾವನ ಗೇಟಿನ ಮುಂದೆ ಹೋಗಿ ನಿಂತೆ. ಪಕ್ಕದ ತೋಟದವರು, ಮೂವತ್ತು ವರ್ಷ ಬಸ್ಸು ಓಡಿಸಿ ಸೊಂಟ ಕಳೆದುಕೊಂಡವರು. ದೂರು ಕೊಟ್ಟವರೂ ಅವರೇ. ಅವರ ಹತ್ತಿರ ದಪ್ಪ ಹಲಗೆಯ ಹಳೇ ಪೆಟ್ಟಿಗೆ ಇತ್ತು. ಅದರ ಮುಚ್ಚಳ ಎತ್ತುವಾಗೆಲ್ಲ ಅವರು ನರಳುವುದು ನಮ್ಮ ತೋಟಕ್ಕೂ ಕೇಳುತ್ತಿತ್ತು.

"ಓಹೋ, ನಿಮ್ಮನೆಯಿಂದ ಮನುಷ್ಯರೂ ಬರ್ತಾರಾ? ಇಷ್ಟು ದಿನ ಬರೀ ಇಲಿ ಬರ್ತಿದ್ವು."

ನನಗೆ ಓಡಿಹೋಗಬೇಕು ಅನ್ನಿಸಿತು. ಗೇಟನ್ನು ಗಟ್ಟಿಯಾಗಿ ಹಿಡಿದುಕೊಂಡು, ನಮ್ಮ ಡ್ರಮ್ ನೀವು ತಗೊಳ್ಳಿ, ನಿಮ್ಮ ಪೆಟ್ಟಿಗೆ ನಮಗೆ ಕೊಡಿ ಎಂದೆ. ಹೊಸದು ಕೊಟ್ಟು ಹಳೇದು ಕೇಳುವವರನ್ನು ಅವರು ಕಂಡಿರಲಿಲ್ಲ. ಡ್ರಮ್ಮಿಗೆ ತಳ ಇದೆಯೋ ಇಲ್ಲವೋ ಎಂದು ಕೇಳಿದರು, ಕದ್ದ ಮಾಲೋ ಎಂದು ಕೇಳಿದರು. ಸುಳ್ಳು ಹೇಳಲು ನನಗೆ ಬರಲಿಲ್ಲ.

"ಅದು ತುಂಬಾ ಸುಲಭ ಮಾವ. ಅಣ್ಣನಿಗೆ ಕಷ್ಟದ್ದು ಬೇಕು."

ಆಮೇಲೆ ಅವರು ತಕರಾರು ತೆಗೆಯಲಿಲ್ಲ. ಶನಿವಾರ ಪೆಟ್ಟಿಗೆ ಬಿಚ್ಚಿ ಹಲಗೆಗಳನ್ನು ನಮ್ಮ ತೋಟದಲ್ಲಿ ಒಟ್ಟಿದರು. ನಮ್ಮ ಗೊಬ್ಬರವನ್ನು ಗೋಣಿಯ ಮೇಲೆ ಸುರಿದು ಡ್ರಮ್ಮು ಒಯ್ದರು. ಇರಲಿ, ಒಂದು ಗಂಟೆಯಲ್ಲಿ ಜೋಡಿಸಿ ಕೊಡುತ್ತೇನೆ ಎಂದರು. ಬೇಡ ಎಂದೆ. ನಾಳೆ ಹತ್ತಕ್ಕೆ ಮೇಷ್ಟ್ರು ಬರ್ತಾರೆ ಕಣಮ್ಮ, ಗೊತ್ತಿದೆ ತಾನೇ ಎಂದರು. ಗೊತ್ತಿತ್ತು. ಬೇಡ ಎಂದೆ.

ಅಮ್ಮನಿಗೆ ತಿಳಿದಾಗ ಅವಳು ಬೈಯಲೂ ಇಲ್ಲ, ತಲೆಯ ಮೇಲೆ ಕೈ ಹೊತ್ತು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಇದ್ದದ್ದನ್ನೂ ಕಳೆದೆಯಲ್ಲೇ ಎಂದಳು. ಕಳೆದೆನೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಅಣ್ಣನ ಬಾಗಿಲ ಮುಂದೆ ಹೋಗಿ ನಿಂತೆ. ತಳ್ಳಿದ್ದರೆ ತೆರೆಯುತ್ತಿತ್ತು. ತಳ್ಳಲಿಲ್ಲ.

"ಅಣ್ಣಾ, ತೋಟ ಕಿತ್ಕೊಳ್ತಾರಂತೆ. ನಿನಗೆ ಹೇಳಿರಲಿಲ್ಲ, ತಪ್ಪಾಯ್ತು. ಡ್ರಮ್ ಕೊಟ್ಟುಬಿಟ್ಟೆ. ಹಲಗೆ ಪೆಟ್ಟಿಗೆ ತಂದಿದ್ದೀನಿ, ಬಿಚ್ಚಿಟ್ಟಿದೆ. ನಾಳೆ ಹತ್ತು ಗಂಟೆಯೊಳಗೆ ಜೋಡಿಸಬೇಕು. ನನ್ನ ಕೈಲಿ ಆಗಲ್ಲ. ಅಮ್ಮನ ಕೈಲೂ ಆಗಲ್ಲ."

ನನ್ನ ಜೀವನದಲ್ಲಿ ಅಷ್ಟು ಉದ್ದದ ಮಾತನ್ನು ನಾನು ಆಡಿರಲಿಲ್ಲ. ಅಲ್ಲೇ ಕೂತೆ. ಎಷ್ಟು ಹೊತ್ತಾದರೂ ಬಾಗಿಲು ತೆರೆಯಲಿಲ್ಲ.

ಭಾನುವಾರ ಏಳಕ್ಕೆ ತೋಟಕ್ಕೆ ಒಬ್ಬಳೇ ಹೋದೆ. ಏಳೂವರೆಯಾಯಿತು. ಎಂಟಾಯಿತು. ಹಲಗೆಗಳ ಮೇಲೆ ಇಬ್ಬನಿ ಕೂತಿತ್ತು. ಪಕ್ಕದಲ್ಲಿ ಡ್ರೈವರ್ ಮಾವ ಡ್ರಮ್ ತಿರುಗಿಸುತ್ತಾ ನನ್ನ ಕಡೆ ನೋಡದ ಹಾಗೆ ನೋಡುತ್ತಿದ್ದರು. ಎಂಟೂವರೆಗೆ ನನಗೆ ಅಳು ಬಂತು. ಕಣ್ಣು ಒರೆಸಿಕೊಳ್ಳುವಾಗ ಗೇಟು ಕಿರುಗುಟ್ಟಿತು.

ಅಣ್ಣ ಆರು ದಿನದ ಗಡ್ಡದಲ್ಲಿ ಬಂದಿದ್ದ. ಹಲಗೆಗಳನ್ನು ಕಾಲಲ್ಲಿ ಹರಡಿ, ಯಾವುದು ಎಲ್ಲಿಗೆ ಎಂದು ನೋಡಿದ. ಎಷ್ಟಾದರೂ ಪೆಟ್ಟಿಗೆ ಮಾಡಿ ಬದುಕಿದವನು. ಮೊದಲ ಸ್ಕ್ರೂವನ್ನು ಹೆಬ್ಬೆರಳು ಕಿರುಬೆರಳ ನಡುವೆ ಹಿಡಿದು ನಿಲ್ಲಿಸಲು ಹೋದ. ಬಿತ್ತು. ನಾನು ಬಗ್ಗಿದೆ. "ಮುಟ್ಟಬೇಡ" ಎಂದ. ನಾಲ್ಕು ಸಲ ಬಿತ್ತು. ಐದನೇ ಸಲ ನಿಂತಿತು.

ಹತ್ತಕ್ಕೆ ಡ್ರಿಲ್ ಮೇಷ್ಟ್ರು ಬಂದಾಗ ಮೂರು ಗೋಡೆ ಎದ್ದಿದ್ದವು, ಮುಚ್ಚಳ ಹುಲ್ಲಿನ ಮೇಲಿತ್ತು. ಇದು ತೊಟ್ಟಿ ಅಲ್ಲ, ಹಲಗೆ ಎಂದರು. ಅಣ್ಣ ತಲೆ ಎತ್ತಿ ನೋಡಲಿಲ್ಲ. ನಿಯಮ ನಿಯಮವೇ ಎಂದರು. ಕೆಳಗಿನ ಸಾಲಿನ ತೋಟಗಳನ್ನು ನೋಡಿಕೊಂಡು ಹನ್ನೆರಡಕ್ಕೆ ಇದೇ ದಾರಿಯಲ್ಲಿ ಹೋಗುತ್ತೇನೆ, ಆಗಲೂ ಹೀಗೇ ಇದ್ದರೆ ಬೀಗದ ಕೈ ಕೊಟ್ಟುಬಿಡಿ ಎಂದು ನನಗೆ ಹೇಳಿ ಹೋದರು.

ಹನ್ನೆರಡಕ್ಕೆ ಮುಚ್ಚಳ ಕೂತಿತ್ತು, ಸೊಟ್ಟಗೆ. ಅಣ್ಣನ ಅಂಗೈ ಸೀಳಿ ರಕ್ತ ಒಣಗಿತ್ತು. ಮೇಷ್ಟ್ರು ಮುಚ್ಚಳವನ್ನು ಎತ್ತಿದರು, ಇಳಿಸಿದರು, ಒಂದು ಮೂಲೆಯ ಸಂದಿನಲ್ಲಿ ಎರಡು ಬೆರಳು ತೂರಿಸಿದರು.

"ಇಲ್ಲಿ ಇಲಿ ನುಗ್ಗುತ್ತಲ್ಲಪ್ಪಾ?"

ಅಣ್ಣ ಬಲಗೈಯನ್ನು ಮರೆಮಾಡದೆ ಅದರಲ್ಲೇ ಆ ಮೂಲೆಯನ್ನು ಒತ್ತಿ ನೋಡಿದ.

"ನುಗ್ಗುತ್ತೆ," ಎಂದ. "ನಾಳೆ ಬಂದು ಪಟ್ಟಿ ಹೊಡೀತೀನಿ."

ಮೇಷ್ಟ್ರು ಅವನ ಕೈಯನ್ನು ನೋಡಿದರು. ಪುಸ್ತಕ ತೆಗೆದು ಏನೋ ಬರೆದುಕೊಂಡು, ನಾಳೆ ಸಂಜೆ ನೋಡುತ್ತೇನೆ ಎಂದು ಮುಂದಿನ ತೋಟಕ್ಕೆ ಹೋದರು. ಅಣ್ಣ ಗೋಣಿಯ ಮೇಲೆ ತಣ್ಣಗಾಗಿ ಬಿದ್ದಿದ್ದ ಗೊಬ್ಬರದ ಕಡೆ ತಿರುಗಿ, ಇದನ್ನು ಯಾರು ಹೀಗೆ ಒಣಗಿಸಿದ್ದು ಎಂದು ನನ್ನನ್ನು ಬೈಯಲು ಶುರು ಮಾಡಿದ.