ಜರ್ಮನಿ ಸವಾರನ ಎಡೆ

ಹುರುಳಿ ತಳ ಹಿಡೀತಾ ಐತಾ ಏನು, ವಾಸ್ನೆ ಬಂದಂಗಾಯ್ತು, ಇಲ್ಲ ಬುಡು ಅದು ಕಜ್ಜಾಯದ ಎಣ್ಣೆ, ಹುರುಳಿ ಇನ್ನೂ ಅರ್ಧ ಬೆಂದಿಲ್ಲ, ಹಬ್ಬದ ದಿನ ಮೂಗಿಗೂ ತಲೆ ಕೆಡ್ತದೆ — ಆ ಒಲೆ ಮೇಲೆ ಬಾಡು ಕೊತಕೊತ ಕುದೀತಾ ಐತೆ, ಸೊಸೆ ವಡೆ ತಟ್ತಾ ಔಳೆ, ನಾನೊಬ್ಳು ಮಾತ್ರ ಗೋಡೆಗೆ ಒರಗ್ಕೊಂಡು ನಮ್ಮ ಮಾವನ ಪಟ ತೊಡೆ ಮೇಲೆ ಇಟ್ಕೊಂಡು ಕೂತಿವ್ನಿ, ಮಾವ ಅಂತೀನಲ್ಲ, ಬಾಯಿಗೆ ಅದೇ ಬತ್ತದೆ, ಐವತ್ತೈದು ವರ್ಷದ ರೂಢಿ, ಹತ್ತು ದಿನದಲ್ಲಿ ತಿರುಗ್ತದಾ. ಮಾವ ಅಲ್ವಂತೆ. ಜರ್ಮನಿಯೋನಂತೆ. ಅಲ್ಲಾ ಶಿವನೆ, ಈ ಬೆಳಗೊಳದ ಮನೆ ಹೊಸ್ಲು ತುಳಿದ ವರ್ಷದಿಂದ ಪ್ರತಿ ಪಿತೃಪಕ್ಷಕ್ಕೆ ಈ ಪಟದ ಮುಂದೆ ಎಲೆ ಹಾಕಿ, ಮುದ್ದೆ ಬಾಡು ಬಡಿಸಿ, ಹೊಸ ಪಂಚೆ ಇಟ್ಟು, ಬೀಡಿ ಕಟ್ಟು ಇಟ್ಟು, ಹಿರೀಕ ಉಣ್ಲಿ ಅಂತ ಬಾಗ್ಲು ಎಳ್ಕೊಂಡು ಹೊರಗೆ ಕಾದಿವ್ನಿ, ಒಳಗೆ ಉಂಡೋನು ಸಮುದ್ರದಾಚೆ ಯಾವನೋ. ಜಗಲಿ ಮೇಲೆ ನಂಜುಂಡಯ್ಯ ಮೇಷ್ಟ್ರು ಕೆಮ್ತಾವ್ರೆ, ಶ್ರೀರಂಗಪಟ್ಟಣದೋರು, ನನ್ನ ಮಗ ರಂಗಸ್ವಾಮಿಗೆ ಹೈಸ್ಕೂಲಲ್ಲಿ ಚರಿತ್ರೆ ಪಾಠ ಮಾಡಿದೋರು, ಬೆಳಗ್ಗೇನೇ ಪಶ್ಚಿಮವಾಹಿನೀಲಿ ತರ್ಪಣ ಬುಟ್ಟು ಬಸ್ಸು ಅತ್ಕೊಂಡು ಬಂದವ್ರೆ, ಬಾಡಿನ ಘಾಟಿಗೆ ಪಾಪ ಗಾಳಿ ಬರೋ ಮೂಲೆ ಹುಡುಕ್ಕೊಂಡು ಎಳನೀರು ಕುಡೀತಾ ಕೂತವ್ರೆ. ಎಡೆ ಇಟ್ಟು ಬಾಗ್ಲು ಹಾಕೋದ್ರೊಳಗೆ ನಾನು ಹೇಳ್ಬೇಕು, ಈ ಪಟ ಇಡೋದಾ, ತೆಗೆಯೋದಾ, ಕಾಗದ ಬರೆದಿರೋ ಆ ಜರ್ಮನಿ ಹೆಂಗಸಿಗೆ ಏನಂತ ಬರೆಯೋದು. ಎಲ್ಲ ನನ್ನ ತಲೆಗೇ ಕಟ್ಟವ್ರೆ, ಸೋಮಮ್ಮ ಹಿರೀಳು, ಸೋಮಮ್ಮ ಹೇಳ್ದಂಗೆ ಅಂತೆ, ಬೇರೆ ದಿನ ಸೋಮಮ್ಮನ ಮಾತು ಯಾರಿಗೆ ಬೇಕಾಗಿತ್ತು.

ಮೇಷ್ಟ್ರದೇ ತಪ್ಪು, ಹೂಂ, ಅವ್ರದ್ದೇ, ಈ ಸೀಮೆಯಿಂದ ಮಹಾರಾಜ್ರ ಕುದುರೆ ಪಡೇಲಿ ಯುದ್ಧಕ್ಕೆ ಹೋದೋರ ಕತೆ ಬರೀತೀನಿ ಅಂತ ಹೋದ್ವರ್ಷ ಬಂದು ಪಟದ ನಕಲು ತೆಗೆಸ್ಕೊಂಡು ಹೋದ್ರು, ಈ ಚಪ್ಪಟೆ ತಲೆ ಟೋಪಿ ನಮ್ಮ ಮೈಸೂರು ಪಡೇದಲ್ವಲ್ಲಮ್ಮ, ನಮ್ಮೋರು ಪೇಟ ಕಟ್ತಿದ್ರು ಅಂತ ಆವತ್ತೇ ಗೊಣಗಿದ್ರು, ಅಲ್ಲಿಗೆ ಸುಮ್ಕಿರಬಾರ್ದಾ, ಎಲ್ಲೆಲ್ಲಿಗೋ ಕಾಗದ ಬರೆದು, ಈಗ ಜರ್ಮನಿಯಿಂದ ಒಂದು ನೀಲಿ ರಟ್ಟಿನ ಪುಸ್ತಕ ಬಂದೈತೆ, ಇಟ್ಟಿಗೆ ತೂಕ, ಅವ್ರ ಒಂದು ಕುದುರೆ ರೆಜಿಮೆಂಟಿನ ಚರಿತ್ರೆಯಂತೆ, ಅದರೊಳಗೆ ಇದೇ ಪಟ ಅಚ್ಚಾಗೈತೆ, ಕೆಳಗೆ ಅವ್ರ ಸವಾರನ ಹೆಸರು. ಜೊತೇಲಿ ಬಂದಿದ್ದ ಇಂಗ್ಲಿಷು ಕಾಗದ ನೋಡ್ಕೊಂಡು ಹೋದ ವಾರ ಇದೇ ಜಗಲೀಲಿ ಹೇಳಿದ್ರು. ಇನ್ನೂರು ವರ್ಷದ ಹಿಂದೆ ಯಾವನೋ ರಾಜ ಕಟ್ಟಿದ ಪಡೆ, ಮೊದಮೊದ್ಲು ರೈತರ ಮಕ್ಳೇ ಮನೆ ಕುದುರೆ ತಗೊಂಡು ಸೇರ್ತಿದ್ರಂತೆ, ಕುದುರೆಗಳ ಹೆಸ್ರನ್ನೂ ಬರೆದಿಡ್ತಿದ್ರಂತೆ, ಭರ್ಜಿ ಹಿಡ್ಕೊಂಡು ಹಳೇ ಯುದ್ಧ ಎಲ್ಲ ಮಾಡಿ, ಆಮೇಲೆ ದೊಡ್ಡ ಯುದ್ಧ ಬಂತು, ಮುಳ್ಳು ತಂತಿ, ಹಳ್ಳ, ಮಿಷನ್ನು ಗನ್ನು, ಕುದುರೆ ಯಾಕೆ ಬೇಕು ಅದಕ್ಕೆ, ಗಾಡಿಗೆ ಕಟ್ಟಿದ್ರಂತೆ, ಹಸಿವಾದಾಗ ಕೊಯ್ದು ತಿಂದ್ರಂತೆ — ಹೆಸರಿಟ್ಟ ಪ್ರಾಣೀನ ಎಂಗೆ ತಿಂದ್ರೋ ಮಾರಾಯ್ತಿ. ಸವಾರರನ್ನೆಲ್ಲ ಕಾಲಾಳು ಮಾಡಿ, ಒಂದಿಷ್ಟು ಜನಾನ ತುರುಕರ ದೇಶಕ್ಕೆ ಕಳಿಸಿ, ಅಲ್ಲೊಂದು ಸಮುದ್ರದ ದಡದ ಊರು, ಬೆಟ್ಟದ ಮೇಲೆ ಇವ್ರು ಗನ್ನು ಇಟ್ಕೊಂಡು ಕೂತಿದ್ರಂತೆ, ಕೆಳಗಿಂದ ಕುದುರೆ ಮೇಲೆ ಭರ್ಜಿ ಹಿಡ್ಕೊಂಡು ಬಂದೋರು ಯಾರು, ನಮ್ಮ ಮೈಸೂರೋರು. ಈ ಪಟದೋನೂ ಆ ಬೆಟ್ಟದ ಮೇಲಿದ್ನಂತೆ, ಹುಟ್ಟಿದಾಗಿಂದ ಕುದುರೆ ಮೇಲಿದ್ದೋನು ನೆಲದ ಮೇಲೆ ನಿಂತ್ಕೊಂಡು ಕುದುರೆ ಬರೋದು ನೋಡಿದ್ನಲ್ಲ, ಅವನ ಎದೆ ಎಂಗಾಗಿರಬೇಡ. ಅವತ್ತಿಂದ ಅವನ ಸುದ್ದಿ ಇಲ್ವಂತೆ, ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೊತ್ತಿಲ್ಲ ಅಂತ ಬರೆದವ್ರಂತೆ. ಸರಿ, ನಮ್ಮೋನು? ನಮ್ಮ ಮಾವ ಚಿಕ್ಕಮಾದಯ್ಯ? ಸವಾರ ಅಲ್ವಂತೆ ಅವನು. ಮೇಷ್ಟ್ರು ಹಳೇ ಕಡತ ನೋಡ್ಕೊಂಡು ಬಂದವ್ರೆ, ಕುದುರೆಗೆ ಹುಲ್ಲು ಕೊಯ್ಯೋ ಆಳಂತೆ, ಭರ್ಜಿಯೇ ಮುಟ್ಟಿಲ್ವಂತೆ, ಸವಾರರು ಮುಂದೆ ಹೋದ ಮೇಲೆ ಕುಡುಗೋಲು ಹಿಡ್ಕೊಂಡು ಹಿಂದೆ ಹೋಗೋನಂತೆ, ಆಮೇಲೆ ಒಂದು ತಿಂಗಳಿಗೆ ಜ್ವರದಲ್ಲಿ ಹೋದನಂತೆ. ಊರಲ್ಲಿ ನಮ್ಮದು ಸವಾರರ ಮನೆ! ನಮ್ಮವ್ರು ಕೆಂಪಣ್ಣ ಇದ್ದಾಗ ಯಾರಾದ್ರೂ ಇದನ್ನ ಹೇಳಿದ್ರೆ, ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ, ಅಂಗೇ ಆಗೋದು. ಪಾಪ, ಹುಟ್ಟಿ ಕಣ್ಣು ಬಿಡೋ ವೊತ್ಗೆ ಅಪ್ಪ ಹಡಗು ಹತ್ತಿದ್ದ, ಅಪ್ಪ ಅಂದ್ರೆ ಈ ಪಟಾನೇ, ಈ ಮೀಸೆ ನೋಡ್ಕೊಂಡು ತಾನೂ ಅಂಗೇ ಬುಟ್ಟು, ಹರಳೆಣ್ಣೆ ಸವರಿ ತಿರುವಿ ತಿರುವಿ, ಪಾಂಡವಪುರದ ಸಂತೇಲಿ ಯಾರೋ ನಿಮ್ಮಪ್ಪಂದೇ ಕಣ್ಲಾ ಈ ಮೀಸೆ ಅಂದ್ರು ಅಂತ ಮನೆವರೆಗೂ ನಗ್ತಾ ಬಂದಿದ್ರು. ಜರ್ಮನಿಯೋನ ಮೀಸೆ ಹೊತ್ಕೊಂಡೇ ಮಣ್ಣಿಗೆ ಹೋದ್ರಲ್ಲಾ, ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ ನಂಗೆ.

ನಮ್ಮತ್ತೆ ಅಣ್ಣಮ್ಮಂಗೆ ಗೊತ್ತಿರ್ಲಿಲ್ವಾ? ಗಂಡನ ಜೊತೆ ಬಾಳಿದ್ದು ಒಂದು ಮಳೆಗಾಲ, ಆ ಕಾಲದಲ್ಲಿ ಮುಖ ಎತ್ತಿ ನೋಡೋರು ಯಾರು, ಅವನ ಕಾಲು ಗುರುತಿತ್ತು ಕೈ ಗುರುತಿತ್ತು ಅನ್ನೋಳು, ಕೈ ಅಂದ್ರೆ ಆ ಎಡಗೈ, ಕುಡುಗೋಲು ಜಾರಿ ಹೆಬ್ಬೆಟ್ಟು ಓರೆಯಾಗಿ ಸೀಳಿ ಕೂಡ್ಕೊಂಡಿತ್ತಂತೆ, ಕತ್ತಲಲ್ಲಿ ಕೆನ್ನೆಗೆ ತರಚೋದು ಅಂತ ಹೇಳಿ ಎಪ್ಪತ್ತರ ಮುದುಕಿ ನಾಚ್ಕೊಳ್ಳೋಳು. ಯುದ್ಧ ಮುಗಿದ ಮೇಲೆ ತಗಡಿನ ಪೆಟ್ಟಿಗೆ ಬಂತು, ಒಂದು ಕಂಬಳಿ, ಒಂದು ಕುಡುಗೋಲು, ಈ ಪಟ. ಗಂಡನ ಪೆಟ್ಟಿಗೇಲಿ ಬಂದ ಪಟ ಗಂಡಂದಲ್ದೆ ಇನ್ಯಾರದ್ದು, ಅವಳೂ ಅಂಗೇ ಅಂದ್ಕೊಂಡ್ಳು, ಇಲ್ಲಾ ಅಂದ್ಕೊಳ್ಳೋಕೆ ಬಿಟ್ಕೊಂಡ್ಳು. ಅವಳು ಮಾತ್ರ ಎರಡು ಎಲೆ ಹಾಕೋಳು, ಒಂದು ಬಾಡೂಟದ್ದು, ಪಕ್ಕದಲ್ಲಿ ಒಂದು ಪುಟ್ಟೆಲೆ, ಅದಕ್ಕೆ ಬರೀ ಬೇಯಿಸಿದ ಹುರುಳಿ, ಇದ್ಯಾರಿಗತ್ತೆ ಅಂದ್ರೆ ಕುದುರೆಗೆ ಅನ್ನೋಳು, ನಿಮ್ಮ ಮಾವ ಕುದುರೆ ಉಂಡ್ಮೇಲೇ ಉಣ್ತಿದ್ದಿದ್ದು ಅನ್ನೋಳು. ನಾನು ನಕ್ಕಿದ್ದೆ. ಈಗ ನಾನೂ ಬೇಯಿಸ್ತಿವ್ನಿ.

ಆ ಪಟದೋನ ಮಗಳು ಇನ್ನೂ ಬದುಕವ್ಳಂತೆ, ಎಂಬತ್ತೊಂದು ವರ್ಷ, ನಮ್ಮವ್ರಿದ್ದಿದ್ರೆ ಅಷ್ಟೇ ಆಗ್ತಿತ್ತು ಅವ್ರಿಗೂ, ಅವಳೂ ಅಪ್ಪನ ಮುಖ ಪಟದಲ್ಲೇ ನೋಡಿದೋಳು, ಇದರದ್ದೇ ಜೋಡಿ ಪಟ ಅವಳ ಹತ್ರ ಐತೆ, ಪುಸ್ತಕದೋರಿಗೆ ಕೊಟ್ಟೋಳು ಅವಳೇ. ಪಟ ವಾಪಸ್ಸು ಕೊಡಿ ಅಂತಾನೂ ಕೇಳಿಲ್ಲ, ಒಂದೇ ಮಾತು ಕೇಳವ್ಳೆ, ಅಪ್ಪನ ಕೊನೇ ಗಳಿಗೇಲಿ ಹತ್ತಿರ ಯಾರಾದ್ರೂ ಇದ್ರಾ, ನಿಮ್ಮ ಮನೇಲಿ ಏನಾದ್ರೂ ಹೇಳಿದ್ರಾ. ಮೇಷ್ಟ್ರು ಅದನ್ನ ಓದುವಾಗ ಕನ್ನಡಕ ತೆಗೆದು ಒರೆಸ್ಕೊಂಡ್ರು. ನಾವು ತರ್ಪಣದ ಕೊನೇಲಿ ದಿಕ್ಕಿಲ್ಲದೋರಿಗೂ ಒಂದು ಬೊಗಸೆ ನೀರು ಬಿಡ್ತೀವಮ್ಮ ಅಂದ್ರು, ಅಯ್ಯೋ ನಿಮ್ಮೋರಿಗೆ ನೀರು ಸಾಕು ಬುಡಿ ಮೇಷ್ಟ್ರೇ, ನಮ್ಮ ಎಲೇಲಿ ಉಣ್ಣೋರು ಬಾಡು ಕೇಳ್ತಾರೆ ಅಂದೆ, ಬಾಯಲ್ಲಿ ಅಂದೆ, ಒಳಗೆ ಉರೀತಿತ್ತು. ರಂಗಸ್ವಾಮಿ ಅವತ್ತೇ ಡೈರಿಗೆ ಹಾಲು ಹಾಕ್ಬುಟ್ಟು ಬಂದೋನು ನಿಂತ ಕಾಲಲ್ಲೇ ಹೇಳ್ಬುಟ್ಟ, ತೆಗೆದಾಕವ್ವ, ನಮ್ಮ ತಾತ ಉಪಾಸ ಕೂತಿರುವಾಗ ಪರದೇಶಿಯೋನಿಗೆ ಯಾಕೆ ಎಡೆ. ಅದೇ ಮಾತು ನನ್ನ ಹತ್ತು ದಿನದಿಂದ ಮಲಗೋಕೆ ಬಿಟ್ಟಿಲ್ಲ. ಎಪ್ಪತ್ತೇಳು ವರ್ಷ ನಮ್ಮೋನು ಎಲ್ಲಿ ನಿಂತಿದ್ದ, ತನ್ನ ಮನೆ ಬಾಗ್ಲಿಗೆ ಬಂದು, ಎಲೆ ಮುಂದೆ ಬೇರೆ ಮುಖ ನೋಡಿ ತಿರುಗಿ ಹೋದ್ನಾ, ನಾಚ್ಕೆ ಸ್ವಭಾವದೋನು ಅಂತ ಅತ್ತೆ ಹೇಳೋಳು, ಕೇಳ್ತಾ ಇರಲಿಲ್ಲ ಅವನು, ಹಸಿದ್ರೂ ಕೇಳ್ತಾ ಇರಲಿಲ್ಲ. ತಪ್ಪಾಯ್ತು ಮಾವ, ನನ್ನ ಕೈಯಿಂದಾನೇ ಆಯ್ತಲ್ಲ.

ಅವ್ವಾ ಎಲೆ ತೊಳೆದಿಟ್ಟೆ ಅಂತಾ ಔಳೆ ಸೊಸೆ, ತಡಿಯವ್ವ, ಒಸಿ ತಡಿ. ಪುಸ್ತಕದ ಪಟ ಪಕ್ಕಕ್ಕಿಟ್ಟು ನೋಡೋಕೆ ಅಂತ ಮೇಷ್ಟ್ರು ಈಗ ತಾನೆ ಗಾಜು ಬಿಚ್ಚಿಕೊಟ್ರು, ಅದೇ ಕುದುರೆ, ಹಿಂದಕ್ಕೆ ಮಡಚಿದ ಅದೇ ಕಿವಿ, ಅದೇ ಮೀಸೆ, ಎಲ್ಲಾ ಒಂದೇ, ಆದ್ರೆ ನಮ್ಮದರಲ್ಲಿ ಎಡಗಡೆ ಮೂಲೇಲಿ, ಕುದುರೆ ಗೊರಸಿನ ಹತ್ರ ಆ ಕಂದು ಕಲೆ, ವರ್ಷಾ ವರ್ಷಾ ಗಾಜಿನ ಮೇಲೇ ತಿಕ್ಕಿ ತಿಕ್ಕಿ ಬೈಕೊಂಡಿದ್ದು ಈ ಕಲೆಗೇ, ಪುಸ್ತಕದ ಪಟದಲ್ಲಿ ಅದಿಲ್ಲ. ಇಲ್ಲ. ಅಂದ್ರೆ ಅದು ಅಲ್ಲಿ ಆಗಿದ್ದು, ಆ ಬೆಟ್ಟದ ಮೇಲೆ, ಎಣ್ಣೆಯೋ ರಕ್ತವೋ, ಕಲೆ ಅಲ್ಲ ಇದು, ಬೆಳಕಿಗೆ ಹಿಡಿದ್ರೆ ಗೆರೆ ಗೆರೆ ಐತೆ, ಹೆಬ್ಬೆಟ್ಟು ಇದು, ಎಡಗೈಯಲ್ಲಿ ಪಟ ಹಿಡಿದ್ರೆ ಹೆಬ್ಬೆಟ್ಟು ಕೂರೋ ಜಾಗ, ಗೆರೆ ಮೇಲೆ ಓರೆಯಾಗಿ ಒಂದು ಬಿಳೀ ಸೀಳು, ಮೇಲಿಂದ ಕೆಳಕ್ಕೆ — ಮಾವ. ಅವನ ಹತ್ರ ಕೂತಿದ್ಯಾ ನೀನು, ಹುಲ್ಲು ಕೊಯ್ಯೋಕೆ ಹೋದೋನು, ಅವನು ಮಾತಾಡಿದ್ದು ನಿಂಗೆ ತಿಳೀತಾ ಇರಲಿಲ್ಲ, ನಿಂದು ಅವನಿಗೆ ತಿಳೀತಾ ಇರಲಿಲ್ಲ, ಜೇಬಿಂದ ತೆಗೆದು ಕೊಟ್ನಾ, ಇದು ನನ್ನ ಕುದುರೆ ಅಂತ ತೋರಿಸಿದ್ನಾ, ನೀನೂ ಇಂಗೇ ಹಿಡ್ಕೊಂಡು ನೋಡಿದ್ಯಾ. ಉಪಾಸ ಇರಲಿಲ್ಲ ನೀನು, ಈ ಪಟದಲ್ಲೇ ಇದ್ಯಲ್ಲಪ್ಪ. ಮೇಷ್ಟ್ರೇ ಅಂದೆ, ಕೂಗಿದೆ ಅನ್ಸುತ್ತೆ, ಎಳನೀರು ಕೆಳಗಿಟ್ಟು ಬಂದ್ರು, ಬರೀರಿ, ಒಬ್ಬ ಹತ್ರ ಇದ್ದ ಅಂತ ಬರೀರಿ ಆ ಮಗೀಗೆ, ಅವ್ರಪ್ಪ ಒಂದು ವರ್ಷಾನೂ ಹಸ್ಕೊಂಡಿಲ್ಲ ಅಂತಾನೂ ಬರೀರಿ. ಮೇಷ್ಟ್ರು ಏನೋ ಕೇಳ್ತಾವ್ರೆ, ರಂಗಸ್ವಾಮಿ ಪಟ ಇಸ್ಕೊಳ್ಳೋಕೆ ಕೈ ಚಾಚವ್ನೆ, ಹುರುಳಿ ಉಕ್ತಾ ಐತೆ, ಗಾಜು ಹಾಕಬ್ಯಾಡ ಇರು, ನಾನು ನನ್ನ ಹೆಬ್ಬೆಟ್ಟು ಅದರ ಪಕ್ಕಕ್ಕೆ ಇಟ್ಟಿವ್ನಿ, ಮುಟ್ಟಿಲ್ಲ, ಪಕ್ಕಕ್ಕೆ, ಓರೆ ಸೀಳು, ಬಿಳೀದು, ಗೊರಸಿನ ಹತ್ರ, ಓರೆ ಸೀಳು